ನೀವು ಕೇಳಿದಿರಿ: ಮೇಷ್ಟ್ರ ಗಡ್ಡ ಯಾವ ಬಣ್ಣ?

ಮಕ್ಕಳ ಮನಸ್ಸು ಒಂದು ಕಡೆ, ಕಾನೂನು ಇನ್ನೊಂದು ಕಡೆ. ಇವೆರಡೂ ಸೇರುವ ಜಾಗದಲ್ಲಿ ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ, ಆಗೊಮ್ಮೆ ಈಗೊಮ್ಮೆ ಕೋರ್ಟಿನಲ್ಲಿ ತಜ್ಞ ಸಾಕ್ಷಿ. ಈ ಬಗ್ಗೆ ಪ್ರಶ್ನೆ ಕಳಿಸಿ ಅಂತ ಸಂಪಾದಕರು ಹೋದ ಸಂಚಿಕೆಯಲ್ಲಿ ಕರೆದಿದ್ದರು. ಬಂದ ಕಾಗದಗಳಲ್ಲಿ ತುಂಬ ಜನಕ್ಕೆ ಒಂದೇ ಅನುಮಾನ: ಮಕ್ಕಳ ಮಾತು ನಂಬಬಹುದಾ? ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಕೆಲವರು ಹೆಸರು ಹಾಕಬೇಡಿ ಅಂದಿದ್ದರು. ಕೊನೆಗೆ ಯಾರ ಹೆಸರೂ ಬೇಡ ಅನ್ನಿಸಿತು.

ಮನಶ್ಶಾಸ್ತ್ರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ನಿಮ್ಮಂಥ ಕೆಲಸ ಮಾಡುವ ಆಸೆ. ಅದಕ್ಕೆ ಕಾನೂನೂ ಓದಬೇಕಾ? ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಮನೆಯಲ್ಲಿ ಬೈಯುತ್ತಾರೆ.
(ಒಬ್ಬ ವಿದ್ಯಾರ್ಥಿನಿ)

ಎರಡೂ ಪದವಿ ಬೇಕೇ ಬೇಕು ಅಂತೇನಿಲ್ಲ. ಓದುವ ಮನಸ್ಸಿದ್ದರೆ ದಾರಿ ಇದೆ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯ 1974ರಲ್ಲೇ ಮನಶ್ಶಾಸ್ತ್ರ ಮತ್ತು ಕಾನೂನನ್ನು ಒಟ್ಟಿಗೆ ಓದಿಸಲು ಶುರುಮಾಡಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಾಮಸ್ ಲಯನ್ ಅವರಿಗೆ ಕಾನೂನು ಪದವಿಯೂ ಇದೆ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟೂ ಇದೆ. ಆದರೆ ಗೇಲ್ ಗುಡ್‌ಮನ್ ಅವರನ್ನು ನೋಡಿ. ಅವರು ಮನಶ್ಶಾಸ್ತ್ರಜ್ಞೆ. ಮಕ್ಕಳು ಆರೋಪಿಯ ಎದುರು ಕೂರದೆ ಬೇರೆ ಕೋಣೆಯಿಂದ ಟಿವಿ ಮೂಲಕ ಸಾಕ್ಷಿ ಹೇಳಬಹುದಾ ಎಂಬ ಪ್ರಶ್ನೆ 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಅಗತ್ಯವಿದ್ದಾಗ ಹೇಳಬಹುದು ಅಂತ ತೀರ್ಪಾಯಿತು. ಆ ತೀರ್ಪಿನಲ್ಲಿ ಗುಡ್‌ಮನ್ ಅವರ ಸಂಶೋಧನೆಯ ಪ್ರಸ್ತಾಪವಿದೆ.

ನನ್ನ ಸಲಹೆ ಇಷ್ಟು. ಒಂದನ್ನು ಆಳವಾಗಿ ಓದಿ. ಇನ್ನೊಂದನ್ನು ಆ ಕಡೆಯವರ ಜೊತೆ ಜಗಳ ಆಡುವಷ್ಟಾದರೂ ಕಲಿಯಿರಿ. ಮನಶ್ಶಾಸ್ತ್ರದವರಾದರೆ ಸಾಕ್ಷ್ಯದ ಕಾನೂನು ಓದಿ, ಎಲ್ಲ ಕಾನೂನೂ ಬೇಡ. ಸಂಖ್ಯಾಶಾಸ್ತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಮಕ್ಕಳು ಭಾಷೆ ಕಲಿಯುವ ಬಗೆಯ ಮೇಲೆ ಒಂದು ಪೇಪರ್ ಸಿಕ್ಕರೆ ಬಿಡಬೇಡಿ. ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ. ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಮತ್ತೆ, ಇದು ಸಿನಿಮಾದ ಕೋರ್ಟಲ್ಲ. ನಮ್ಮ ದಿನದ ದೊಡ್ಡ ಪಾಲು ಹೋಗುವುದು ವಿಚಾರಣೆಯ ಪ್ರತಿಗಳನ್ನು, ಅಂದರೆ ಮಗುವನ್ನು ವಿಚಾರಿಸಿದಾಗ ಆಡಿದ ಮಾತನ್ನೆಲ್ಲ ಬರೆದಿಟ್ಟ ಹಾಳೆಗಳನ್ನು, ಓದುವುದರಲ್ಲಿ. ಮಗುವಿಗೆ ಕೇಳಿದ ಪ್ರತಿ ಪ್ರಶ್ನೆಗೂ ಒಂದು ಗುರುತು ಹಾಕುತ್ತೇವೆ: ಇದು ತೆರೆದ ಪ್ರಶ್ನೆ, ಇದು ಹೌದು-ಇಲ್ಲ ಪ್ರಶ್ನೆ, ಇದು ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ. ಇಬ್ಬರು ಬೇರೆ ಬೇರೆ ಕೂತು ಹಾಕಬೇಕು, ಆಮೇಲೆ ತಾಳೆ ನೋಡಬೇಕು. ‘ಯಾರಿದ್ದರು ಅಂತ ಗೊತ್ತಾ?’ ಎಂಬ ಪ್ರಶ್ನೆಗೆ ಮಗು ‘ಹೂಂ’ ಅಂದು ಸುಮ್ಮನಾಗಿದೆ. ಅದು ಉತ್ತರವಾ, ಅಲ್ಲವಾ? ಇದರ ಮೇಲೆ ನನ್ನ ವಿದ್ಯಾರ್ಥಿಗಳು ಅರ್ಧ ದಿನ ಕಿತ್ತಾಡಿದ್ದನ್ನು ನೋಡಿದ್ದೇನೆ. ಇದು ಕೇಳಿ ನಿಮಗೆ ಬೇಜಾರಾಗದೆ ಕುತೂಹಲ ಹುಟ್ಟಿದರೆ ಬನ್ನಿ.

ನಾನು ವಕೀಲ. ಮಕ್ಕಳು ಹೇಳಿಕೊಟ್ಟಿದ್ದನ್ನು ಒಪ್ಪಿಸುತ್ತವೆ, ಕಲ್ಪನೆಯನ್ನು ನಿಜ ಅಂದುಕೊಳ್ಳುತ್ತವೆ. ನಿಮ್ಮ ಶಾಸ್ತ್ರವೇ ಇದನ್ನು ಸಾಬೀತು ಮಾಡಿದೆ ಅಲ್ವಾ? ಮತ್ತೆ ಅವರ ಸಾಕ್ಷಿಗೆ ಯಾಕಿಷ್ಟು ಬೆಲೆ?
(ಒಬ್ಬ ವಕೀಲರು)

ಅರ್ಧ ಓದಿದ್ದೀರಿ ಸಾರ್. ಉಳಿದರ್ಧ ಹೇಳುತ್ತೇನೆ.

1900ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮಕ್ಕಳಿಗೆ ಒಂದು ರಟ್ಟು ತೋರಿಸಿದ. ಬುದ್ಧಿ ಅಳೆಯುವ ಪರೀಕ್ಷೆ ಮಾಡಿದನಲ್ಲ, ಅದೇ ಬಿನೆ. ರಟ್ಟಿನ ಮೇಲೆ ಕೆಲವು ವಸ್ತುಗಳಿದ್ದವು. ಅದರಲ್ಲಿ ಗೋಂದು ಹಚ್ಚಿ ಅಂಟಿಸಿದ ಒಂದು ಗುಂಡಿಯೂ ಇತ್ತು. ರಟ್ಟು ಎತ್ತಿಟ್ಟ ಮೇಲೆ ಕೆಲವು ಮಕ್ಕಳಿಗೆ ನೋಡಿದ್ದನ್ನೆಲ್ಲ ಬರೆಯಿರಿ ಅಂದ. ಇನ್ನು ಕೆಲವರಿಗೆ ‘ಗುಂಡಿಯನ್ನು ದಾರದಿಂದ ಕಟ್ಟಿತ್ತು, ಅಲ್ವಾ?’ ಎಂಬಂಥ ಪ್ರಶ್ನೆ ಕೊಟ್ಟ. ತಾವಾಗಿ ಬರೆದವರಲ್ಲಿ ತಪ್ಪು ಕಮ್ಮಿ. ದಾರದ ಪ್ರಶ್ನೆ ಸಿಕ್ಕವರಲ್ಲಿ ಜಾಸ್ತಿ. ಅದೇ ರಟ್ಟು, ಅದೇ ಗುಂಡಿ.

ಹತ್ತು ವರ್ಷ ಕಳೆಯಿತು. 1910ರಲ್ಲಿ ಬೆಲ್ಜಿಯಂನಲ್ಲಿ ಒಂದು ಹುಡುಗಿಯ ಕೊಲೆಯಾಯಿತು. ಅವಳ ಜೊತೆ ಆಡುತ್ತಿದ್ದ ಮಕ್ಕಳನ್ನು ಮತ್ತೆ ಮತ್ತೆ ಕೇಳಿದರು. ಮೊದಲು ಏನೂ ಗೊತ್ತಿಲ್ಲ ಅಂದವರು ಬರಬರುತ್ತಾ ಕಥೆ ಕಟ್ಟಿದರು. ಆರೋಪಿಯ ಪರವಾಗಿ ಬಂದ ಮನಶ್ಶಾಸ್ತ್ರಜ್ಞ ವಾರೆನ್‌ಡಾಂಕ್ ಒಂದು ಉಪಾಯ ಮಾಡಿದ. ಶಾಲೆಗೆ ಹೋಗಿ ಏಳು ವರ್ಷದ ಮಕ್ಕಳನ್ನು ಒಬ್ಬ ಮೇಷ್ಟ್ರ ಬಗ್ಗೆ ಕೇಳಿದ: ಅವರ ಗಡ್ಡ ಯಾವ ಬಣ್ಣ? 18 ಮಕ್ಕಳಲ್ಲಿ 16 ಮಕ್ಕಳು ಒಂದಲ್ಲ ಒಂದು ಬಣ್ಣ ಹೇಳಿದರು. ಆ ಮೇಷ್ಟ್ರಿಗೆ ಗಡ್ಡವೇ ಇರಲಿಲ್ಲ.

ವಾರೆನ್‌ಡಾಂಕ್ ಇದರಿಂದ ತೆಗೆದ ತೀರ್ಮಾನ ನಿಮ್ಮದೇ. ಮಕ್ಕಳ ಸಾಕ್ಷಿಯನ್ನು ಕೋರ್ಟು ಕೇಳುವುದನ್ನೇ ಬಿಡಬೇಕು ಅಂದ. ನನಗೆ ಅವನ ಪ್ರಯೋಗ ಇಷ್ಟ, ತೀರ್ಮಾನ ಇಷ್ಟವಿಲ್ಲ. ಆ ಗಡ್ಡ ಬಂದದ್ದು ಎಲ್ಲಿಂದ? ಯಾವ ಮಗುವೂ ತಾನಾಗಿ ‘ಮೇಷ್ಟ್ರಿಗೆ ಗಡ್ಡ ಇತ್ತು’ ಅಂದಿರಲಿಲ್ಲ. ಗಡ್ಡ ಅಂಟಿಸಿದ್ದು ಕೇಳಿದ ದೊಡ್ಡವರು. ಮಕ್ಕಳು ಬಣ್ಣ ಹಚ್ಚಿದರು, ಅಷ್ಟೇ. ದೊಡ್ಡವರು ಕೇಳಿದ ಮೇಲೆ ಅದು ಇದ್ದೇ ಇರಬೇಕು ಅಂತ ಏಳು ವರ್ಷದ ಮಗು ನಂಬುತ್ತದೆ. ಉಳಿದ ಸಮಯದಲ್ಲಿ ಇದನ್ನೇ ನಾವು ಒಳ್ಳೆಯ ಗುಣ ಅಂತೀವಿ.

ಎಂಬತ್ತರ ದಶಕದಲ್ಲಿ ಅಮೆರಿಕ ಈ ಪಾಠವನ್ನು ದುಬಾರಿ ಬೆಲೆಗೆ ಮತ್ತೆ ಕಲಿಯಿತು. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ 1983ರಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ನೂರಾರು ಮಕ್ಕಳನ್ನು ವಿಚಾರಿಸಿದರು. ‘ಬೇರೆ ಮಕ್ಕಳೆಲ್ಲ ಹೇಳಿದ್ದಾರೆ, ನೀನೂ ಹೇಳು’ ಎಂಬ ಧಾಟಿ. ಹೇಳಿದರೆ ಜಾಣ ಅಂತ ಶಹಬ್ಬಾಸ್. 1990ರವರೆಗೆ ಕೇಸು ನಡೆದು ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅಲ್ಲಿ ನಿಜಕ್ಕೂ ಏನಾಗಿತ್ತು ಅಂತ ತಿಳಿಯುವ ದಾರಿಯನ್ನು ಆ ವಿಚಾರಣೆಗಳೇ ಮುಚ್ಚಿಹಾಕಿದವು.

ಇಂಥ ಕೇಸುಗಳಾದ ಮೇಲೆ ಸಂಶೋಧನೆ ಚುರುಕಾಯಿತು. ಮಿಷೆಲ್ ಲೀಚ್ಟ್‌ಮನ್ ಮತ್ತು ಸ್ಟೀಫನ್ ಸೀಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಸ್ಯಾಮ್ ಸ್ಟೋನ್ ಎಂಬ ಹೆಸರಿನಲ್ಲಿ ಒಬ್ಬ ಅಪರಿಚಿತ ಶಿಶುವಿಹಾರಕ್ಕೆ ಬಂದ. ಎರಡು ನಿಮಿಷ ಇದ್ದ, ಏನೂ ಮಾಡಲಿಲ್ಲ, ಹೋದ. ಒಂದು ಗುಂಪಿನ ಮಕ್ಕಳಿಗೆ ಅವನು ಬರುವ ಮೊದಲೇ ‘ಸ್ಯಾಮ್ ತುಂಬ ಎಡವಟ್ಟು, ಏನಾದರೂ ಮುರಿಯುತ್ತಾನೆ’ ಎಂಬ ಕಥೆಗಳನ್ನು ಹೇಳಿದ್ದರು. ಅವನು ಹೋದ ಮೇಲೆ ವಾರಗಟ್ಟಲೆ ಪುಸ್ತಕ ಹರಿದದ್ದು, ಗೊಂಬೆ ಕೊಳೆ ಮಾಡಿದ್ದರ ಬಗ್ಗೆ ಪ್ರಶ್ನೆ ಕೇಳಿದರು. ಕೊನೆಗೆ ಈ ಗುಂಪಿನ 3-4 ವರ್ಷದವರಲ್ಲಿ ಶೇ. 72ರಷ್ಟು ಮಕ್ಕಳು ಸ್ಯಾಮ್ ಏನೋ ಹಾಳು ಮಾಡಿದ ಅಂದರು. ನೀವು ವಕೀಲರು ಹೇಳುವುದು ಈ ಅಂಕಿಯನ್ನು ಮಾತ್ರ. ಕಥೆ ಹೇಳದೆ, ಚುಚ್ಚಿ ಕೇಳದೆ ಬಿಟ್ಟ ಇನ್ನೊಂದು ಗುಂಪಿತ್ತು. ಅದೇ ವಯಸ್ಸು. ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಸರಿಯಾಗಿ ಹೇಳಿದರು. ಈ ಅರ್ಧ ಯಾಕೋ ವಾದದಲ್ಲಿ ಬರುವುದೇ ಇಲ್ಲ.

ಇನ್ನೊಂದು ತಪ್ಪೂ ಇದೆ. ಅದು ಆಗಿದ್ದನ್ನು ಹೇಳದೇ ಇರುವುದು. ಕ್ಯಾರನ್ ಸೇವಿಟ್ಜ್, ಗುಡ್‌ಮನ್ ಮತ್ತು ಜೊತೆಗಾರರು 1991ರಲ್ಲಿ 5 ಮತ್ತು 7 ವರ್ಷದ ಹುಡುಗಿಯರ ಮಾಮೂಲಿ ವೈದ್ಯಕೀಯ ತಪಾಸಣೆಯನ್ನು ಅಧ್ಯಯನ ಮಾಡಿದರು. ಅರ್ಧದಷ್ಟು ಮಕ್ಕಳಿಗೆ ಗುಪ್ತಾಂಗದ ತಪಾಸಣೆಯೂ ಅದರಲ್ಲಿ ಸೇರಿತ್ತು. ಏನೇನಾಯಿತು ಹೇಳು ಅಂದಾಗ ಆ ಮಕ್ಕಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಆ ಭಾಗವನ್ನು ಬಿಟ್ಟೇ ಹೇಳಿದರು. ನೇರವಾಗಿ ಕೇಳಿದಾಗ ಹೆಚ್ಚಿನವರು ಹೌದು ಅಂದರು. ಮಗು ಸುಮ್ಮನಿದೆ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ. ಚುಚ್ಚಿ ಕೇಳಿದರೆ ಸುಳ್ಳು ಬರಬಹುದು, ಕೇಳದಿದ್ದರೆ ನಿಜ ಒಳಗೇ ಉಳಿಯಬಹುದು. ಈ ಇಕ್ಕಟ್ಟಿನ ನಡುವೆ ಹೇಗೆ ಕೇಳಬೇಕು ಎಂಬುದರ ಮೇಲೆ ನಮ್ಮಲ್ಲಿ ಎಷ್ಟೋ ಜನರ ಇಡೀ ವೃತ್ತಿಜೀವನ ನಿಂತಿದೆ.

ಮೈಕಲ್ ಲ್ಯಾಂಬ್ ಮತ್ತು ಸಂಗಡಿಗರು ಇದಕ್ಕಾಗಿ ಒಂದು ಕ್ರಮ ಕಟ್ಟಿದರು. ಅಮೆರಿಕದ ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿ ಅದು ಎನ್‌ಐಸಿಎಚ್‌ಡಿ ಪ್ರೋಟೊಕಾಲ್ ಅಂತಲೇ ಹೆಸರುವಾಸಿ. ಮೊದಲು ನಿಯಮ ಹೇಳುತ್ತಾರೆ: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ನಾನು ತಪ್ಪು ಹೇಳಿದರೆ ತಿದ್ದು. ಆಮೇಲೆ ಮಗುವಿಗೆ ಇಷ್ಟವಾದ ಒಂದು ದಿನದ ಬಗ್ಗೆ ಮಾತಾಡಿಸಿ ಉದ್ದಕ್ಕೆ ಹೇಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಆಮೇಲಷ್ಟೇ ವಿಷಯ. ‘ಏನಾಯಿತು, ಎಲ್ಲ ಹೇಳು.’ ‘ಆಮೇಲೆ?’ ‘ಬಾಗಿಲು ಹಾಕಿದರು ಅಂದೆಯಲ್ಲ, ಅದರ ಬಗ್ಗೆ ಇನ್ನಷ್ಟು ಹೇಳು.’ ಬಾಗಿಲು ಎಂಬ ಮಾತು ಮಗುವಿನದ್ದೇ ಆಗಿರಬೇಕು. ನೇರ ಪ್ರಶ್ನೆ ಬೇಕೇ ಬೇಕಾದರೆ ಅದನ್ನು ಕೊನೆಗೆ ಇಡುತ್ತಾರೆ. ಓದಲು ಸುಲಭ, ಮಾಡಲು ಕಷ್ಟ. ತರಬೇತಿ ಮುಗಿದು ಕೆಲವೇ ತಿಂಗಳಿಗೆ ದೊಡ್ಡವರ ನಾಲಗೆ ಹಳೇ ಚಾಳಿಗೆ ಮರಳುತ್ತದೆ. ಅದಕ್ಕೇ ಪದೇಪದೇ ಪ್ರತಿ ತೆಗೆದು ತಿದ್ದಬೇಕು.

ನನ್ನ ಆರು ವರ್ಷದ ಮಗಳು ಮನೆಗೆ ಬಂದುಹೋಗುವ ಒಬ್ಬರ ಬಗ್ಗೆ ಏನೋ ಹೇಳಿದಳು. ಮತ್ತೆ ಕೇಳಿದರೆ ‘ಏನಿಲ್ಲ’ ಅಂತಾಳೆ. ಏನು ಮಾಡಲಿ?
(ಒಬ್ಬ ತಾಯಿ)

ನಿಮ್ಮ ಕಾಗದಕ್ಕೆ ಸಂಪಾದಕರ ಮೂಲಕ ಆಗಲೇ ಉತ್ತರ ಕಳಿಸಿದ್ದೇನೆ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಆ ಮನುಷ್ಯ ಮಗುವಿನ ಹತ್ತಿರ ಬರದಂತೆ ನೋಡಿಕೊಳ್ಳಿ. ಇವತ್ತೇ. ಸಾಕ್ಷಿ ಸಿಗಲಿ ಅಂತ ಕಾಯಬೇಡಿ. ಆಮೇಲೆ ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಡಿ. ನೀವು ಏನು ಕೇಳಿದಿರಿ ಅನ್ನುವುದನ್ನೂ ಬರೆಯಿರಿ. ಎಲ್ಲರೂ ಬಿಟ್ಟುಬಿಡುವುದು ಅದನ್ನೇ. ದಿನ, ಹೊತ್ತು ಹಾಕಿ. ‘ಹೇಳಿದ್ದು ಒಳ್ಳೆಯದಾಯಿತು’ ಅಂತ ಅವಳಿಗೆ ಹೇಳಿ. ‘ಯಾರಿಗೂ ಹೇಳಲ್ಲ’ ಅಂತ ಮಾತ್ರ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ.

ಮತ್ತೆ ಮತ್ತೆ ಕೇಳಬೇಡಿ. ಅತ್ತೆಯೊಂದು ಸಲ, ಅಕ್ಕನೊಂದು ಸಲ ಕೇಳುವುದು ಬೇಡ. ಫೋನಿನಲ್ಲಿ ವಿಡಿಯೋ ಮಾಡುತ್ತಾ ‘ಇನ್ನೊಂದ್ಸಲ ಹೇಳು ಪುಟ್ಟಾ’ ಅನ್ನುವುದಂತೂ ಬೇಡವೇ ಬೇಡ. ಮೊದಲು ಹೇಳಿ ಆಮೇಲೆ ‘ಏನಿಲ್ಲ’ ಅನ್ನುವ ಮಕ್ಕಳಿದ್ದಾರೆ. ಅದಕ್ಕೆ ಅಮ್ಮನ ಮುಖ ನೋಡಿ ಹೆದರಿದ್ದೂ ಕಾರಣ ಇರಬಹುದು. ತರಬೇತಿ ಪಡೆದವರ ಹತ್ತಿರ ಕರೆದುಕೊಂಡು ಹೋಗಿ, ತಡ ಮಾಡಬೇಡಿ. ಐಸ್‌ಲ್ಯಾಂಡ್ 1998ರಲ್ಲಿ ಬಾರ್ನಹೂಸ್ ಅಂತ ಮಕ್ಕಳ ಮನೆ ತೆರೆಯಿತು. ಪೊಲೀಸ್, ವೈದ್ಯರು, ವಕೀಲರು ಎಲ್ಲ ಒಂದೇ ಸೂರಿನಡಿ. ಮಗು ಒಬ್ಬರೇ ತರಬೇತಾದವರ ಜೊತೆ ಮಾತಾಡುತ್ತದೆ, ಉಳಿದವರು ಪಕ್ಕದ ಕೋಣೆಯಿಂದ ನೋಡುತ್ತಾರೆ. ಹತ್ತು ಬಾಗಿಲಲ್ಲಿ ಹತ್ತು ಸಲ ಹೇಳುವ ಪಾಡಿಲ್ಲ. ಯುರೋಪಿನ ಹಲವು ದೇಶಗಳು ಆಮೇಲೆ ಇದನ್ನು ಅನುಸರಿಸಿದವು.

ಕೋರ್ಟಿನಲ್ಲಿ ಸಾಕ್ಷಿ ಹೇಳುವ ಮೊದಲು ಮಾಡಿಸುವ ಪ್ರಮಾಣದ ಅರ್ಥ ಪುಟ್ಟ ಮಗುವಿಗೆ ಏನು ಗೊತ್ತಾಗುತ್ತದೆ? ‘ಸತ್ಯ ಅಂದರೇನು?’ ಅಂತ ಕೇಳಿದರೆ ಬೆಪ್ಪಾಗಿ ನೋಡುತ್ತವೆ.
(ಒಬ್ಬ ನಿವೃತ್ತ ಶಿಕ್ಷಕರು)

ನನ್ನನ್ನು ಕೇಳಿದರೆ ನಾನೂ ಬೆಪ್ಪಾಗಿಯೇ ನೋಡುತ್ತೇನೆ ಮೇಷ್ಟ್ರೇ. ಲಯನ್ ಮತ್ತು ಸೇವಿಟ್ಜ್ ತೋರಿಸಿದ್ದು ಇದನ್ನೇ. ಸತ್ಯ-ಸುಳ್ಳಿಗೆ ವ್ಯಾಖ್ಯೆ ಕೊಡಲು ಬಾರದ ಮಕ್ಕಳೂ ಚಿತ್ರ ತೋರಿಸಿ ‘ಇವರಲ್ಲಿ ಯಾರು ನಿಜ ಹೇಳಿದರು?’ ಅಂದರೆ ಸರಿಯಾಗಿ ಬೆರಳು ಮಾಡುತ್ತಾರೆ.

ಕೆನಡಾದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮನಶ್ಶಾಸ್ತ್ರಜ್ಞರಾದ ವಿಕ್ಟೋರಿಯಾ ತಲ್ವಾರ್, ಕಾಂಗ್ ಲೀ, ಕಾನೂನು ಪ್ರಾಧ್ಯಾಪಕ ನಿಕೋಲಸ್ ಬಾಲಾ ಮುಂತಾದವರು ಒಟ್ಟಿಗೆ ಕೆಲಸ ಮಾಡಿದರು. ಸತ್ಯದ ವ್ಯಾಖ್ಯೆ ಚೆನ್ನಾಗಿ ಹೇಳುವ ಮಗು ನಿಜವನ್ನೇ ಹೇಳುತ್ತದೆ ಅಂತೇನಿಲ್ಲ. ಆದರೆ ‘ನಿಜ ಹೇಳುತ್ತೇನೆ’ ಅಂತ ಮಾತು ಕೊಟ್ಟ ಮಕ್ಕಳು ನಿಜ ಹೇಳುವುದು ಜಾಸ್ತಿ. 2006ರಲ್ಲಿ ಕೆನಡಾದ ಕಾನೂನೇ ಬದಲಾಯಿತು. 14 ವರ್ಷದೊಳಗಿನ ಮಗುವಿಗೆ ಪ್ರಮಾಣದ ಅರ್ಥ ಕೇಳುವಂತಿಲ್ಲ. ಪ್ರಶ್ನೆ ತಿಳಿದು ಉತ್ತರ ಕೊಡಲು ಬಂದರೆ, ನಿಜ ಹೇಳುತ್ತೇನೆ ಅಂತ ಮಾತು ಕೊಟ್ಟರೆ ಸಾಕು. ನಮ್ಮ ಕ್ಷೇತ್ರದವರಿಗೆ ಇಂಥ ದಿನ ಜಾಸ್ತಿ ಬರುವುದಿಲ್ಲ.

ಪಾಟೀಸವಾಲು, ಅಂದರೆ ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಎಂಥ ಸುಳ್ಳನ್ನೂ ಹೊರಗೆಳೆಯುತ್ತದೆ ಅಂತ ನಮಗೆ ಪಾಠ ಮಾಡುತ್ತಾರೆ. ಮಕ್ಕಳ ವಿಷಯದಲ್ಲೂ ಇದು ನಿಜವಾ?
(ಒಬ್ಬ ಕಾನೂನು ವಿದ್ಯಾರ್ಥಿ)

ನ್ಯೂಜಿಲೆಂಡಿನ ರೇಚಲ್ ಝಾಯಕ್ ಮತ್ತು ಹಾರ್ಲೀನ್ ಹೇನ್ ಇದನ್ನೇ ಪರೀಕ್ಷಿಸಿದರು. 5-6 ವರ್ಷದ ಮಕ್ಕಳನ್ನು ಪೊಲೀಸ್ ಠಾಣೆ ನೋಡಲು ಕರೆದುಕೊಂಡು ಹೋದರು. ಆಮೇಲೆ ಅದರ ಬಗ್ಗೆ ವಿಚಾರಿಸಿದರು. ತಿಂಗಳುಗಳು ಕಳೆದ ಮೇಲೆ ಪಾಟೀಸವಾಲಿನ ಧಾಟಿಯಲ್ಲಿ ಮತ್ತೆ ಕೇಳಿದರು. ಬಹುಪಾಲು ಮಕ್ಕಳು ಒಂದಾದರೂ ಉತ್ತರ ಬದಲಿಸಿದರು. ತಪ್ಪು ಉತ್ತರ ಸರಿಯಾದರೆ ಸಂತೋಷ. ಮೊದಲು ಸರಿ ಹೇಳಿದ್ದನ್ನೂ ಬದಲಿಸಿದರು. 2003ರಲ್ಲಿ ಇದು ಪ್ರಕಟವಾಯಿತು.

ಯಾಕೆ ಹೀಗೆ ಅಂತ ತಿಳಿಯಲು ನಾನು ತರಗತಿಯಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: ‘ಆ ದಿನ ನೀನು ಅಲ್ಲಿಗೆ ಹೋಗಿರಲಿಲ್ಲ, ಹೋಗಿದ್ದರೂ ಅವರನ್ನು ನೋಡಿರಲಿಲ್ಲ, ಅಲ್ವಾ?’ ಮಗುವಿನ ಉತ್ತರ ‘ಹೂಂ’. ಈಗ ಹೇಳಿ, ಮಗು ಹೋಗಿತ್ತಾ? ಹೋಗಿ ನೋಡಿರಲಿಲ್ಲವಾ? ಇಷ್ಟುದ್ದ ಮಾತು ಯಾವಾಗ ಮುಗಿಯುತ್ತದೋ ಅಂತ ಕಾದು ಹೂಂಗುಟ್ಟಿತಾ? ವಕೀಲರು ಮಾತ್ರ ‘ಒಪ್ಪಿಕೊಂಡಿತು’ ಅಂತ ಬರೆಸುತ್ತಾರೆ.

ಸಾದಾ ಪ್ರಶ್ನೆಯಲ್ಲೂ ಹಳ್ಳ ಇರುತ್ತದೆ. ‘ಬಟ್ಟೆ ಹಾಕಿತ್ತಾ, ಬಿಚ್ಚಿತ್ತಾ?’ ಅಂದರೆ ಎರಡೇ ಉತ್ತರ. ಬಟ್ಟೆ ಅರ್ಧ ಸರಿದಿದ್ದರೂ ಪುಟ್ಟ ಮಕ್ಕಳು ಎರಡರಲ್ಲಿ ಒಂದನ್ನು ಆರಿಸಿಬಿಡುತ್ತಾರೆ. ಆಮೇಲೆ ಮಗು ವಿವರ ಹೇಳಿದಾಗ ‘ಮೊದಲು ಬೇರೆ ಹೇಳಿದ್ದೆ’ ಅಂತ ಹಿಡಿಯುತ್ತಾರೆ. ‘ಬಟ್ಟೆ ಎಲ್ಲಿತ್ತು?’ ಅಂತ ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಮಕ್ಕಳ ಮೇಲೆ ಪ್ರಯೋಗ ಮಾಡುವುದು ತಪ್ಪಲ್ಲವಾ?
(ಒಬ್ಬ ಗೃಹಿಣಿ)

ಹೆದರಿಸುವ ಪ್ರಯೋಗಕ್ಕೆ ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ತಂದೆತಾಯಿಯ ಒಪ್ಪಿಗೆ ಬೇಕು, ಮಗುವಿನದ್ದೂ ಬೇಕು. ಮಗು ಎದ್ದು ಹೋಗುತ್ತೇನೆ ಅಂದರೆ ಅಲ್ಲಿಗೆ ಮುಗಿಯಿತು. ನಾವು ಬಳಸುವುದು ಮುರಿದ ಆಟಿಕೆ, ಅಪರಿಚಿತರ ಭೇಟಿ, ಹೇಗೂ ಆಗಬೇಕಾದ ತಪಾಸಣೆಯಂಥವು. ಒಬ್ಬ ದೊಡ್ಡವರು ಮಗುವಿನ ಜೊತೆ ಆಡುತ್ತಾರೆ, ಆಟಿಕೆ ಮುರಿಯುತ್ತದೆ, ‘ಯಾರಿಗೂ ಹೇಳಬೇಡ’ ಅನ್ನುತ್ತಾರೆ. ಆಮೇಲೆ ಮಗು ಯಾವ ಪ್ರಶ್ನೆಗೆ ಗುಟ್ಟು ಬಿಡುತ್ತದೆ ಅಂತ ನೋಡುತ್ತೇವೆ. ನಿಜವಾದ ಅಪರಾಧಕ್ಕೂ ಇದಕ್ಕೂ ತುಂಬ ದೂರ. ಆ ದೂರವನ್ನು ಕೋರ್ಟಿನಲ್ಲಿ ಮುಚ್ಚಿಡದೆ ಹೇಳಬೇಕು.

ವಿಚ್ಛೇದನದ ಕೇಸು. ‘ಅಪ್ಪ ಬೇಕಾ, ಅಮ್ಮ ಬೇಕಾ’ ಅಂತ ನನ್ನ ಮಗನನ್ನೇ ಕೇಳಿಬಿಡಲಿ ಅನ್ನಿಸುತ್ತದೆ.
(ಒಬ್ಬ ತಂದೆ)

ದಯವಿಟ್ಟು ಬೇಡ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯ ಕೇಳಬೇಕು, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ಬೆಲೆ ಕೊಡಬೇಕು ಅನ್ನುತ್ತದೆ. ತೀರ್ಪು ಕೊಡುವ ಭಾರ ಮಗುವಿನ ಮೇಲೆ ಹಾಕಿ ಅನ್ನುವುದಿಲ್ಲ. ವಾರದ ದಿನಗಳು ಹೇಗೆ ಕಳೆಯುತ್ತವೆ, ಏನು ಇಷ್ಟ, ಏನು ಕಷ್ಟ ಅಂತ ಕೇಳಿದರೆ ಬೇಕಾದ್ದೆಲ್ಲ ಬರುತ್ತದೆ.

ಇಂಥ ಕೇಸುಗಳನ್ನೇ ಓದುತ್ತಾ ನಿಮಗೆ ನಿದ್ದೆ ಬರುತ್ತದಾ?
(ಹೆಸರು, ಊರು ಎರಡೂ ಬರೆದಿಲ್ಲ)

ಬರುತ್ತದೆ. ರಾತ್ರಿ ಊಟವಾದ ಮೇಲೆ ಪ್ರತಿ ಓದುವುದಿಲ್ಲ, ಅಷ್ಟೇ ನಿಯಮ. ವಿದ್ಯಾರ್ಥಿಗಳಿಗೂ ಅದೇ ಹೇಳುತ್ತೇನೆ. ಯಾರಿಗಾದರೂ ಓದಲು ಆಗುತ್ತಿಲ್ಲ ಅಂದರೆ ಕಾರಣ ಕೇಳದೆ ಬೇರೆ ಕೆಲಸ ಕೊಡುತ್ತೇನೆ.

ತಜ್ಞ ಸಾಕ್ಷಿಯಾಗಿ ನೀವು ಯಾರ ಪರ? ದುಡ್ಡು ಕೊಟ್ಟವರ ಪರ ಅಲ್ವಾ?
(ಮೊದಲಿನ ವಕೀಲರೇ, ಎರಡನೇ ಕಾಗದದಲ್ಲಿ)

ನನ್ನನ್ನು ಎರಡೂ ಕಡೆಯವರು ಕರೆದಿದ್ದಾರೆ, ಎರಡೂ ಕಡೆಯವರು ಬೈದಿದ್ದಾರೆ. ಈ ಮಗು ನಿಜ ಹೇಳುತ್ತಿದೆಯಾ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಅದು ನ್ಯಾಯಾಧೀಶರ ಕೆಲಸ. ಪ್ರಶ್ನೆಗಳನ್ನು ಹೇಗೆ ಕೇಳಿದರು, ಅಂಥ ಪ್ರಶ್ನೆಗಳಿಗೆ ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಹೇಗೆ ಉತ್ತರಿಸುತ್ತಾರೆ, ಇಷ್ಟನ್ನೇ ಹೇಳುತ್ತೇನೆ. ಮುಂದಿನ ಸಲ ಮಗುವಿನ ಹೇಳಿಕೆಯ ಪ್ರತಿ ನಿಮ್ಮ ಕೈಗೆ ಬಂದಾಗ ಒಂದು ಕೆಲಸ ಮಾಡಿ. ಉತ್ತರಗಳನ್ನೆಲ್ಲ ಕಾಗದದಿಂದ ಮುಚ್ಚಿ ಬರೀ ಪ್ರಶ್ನೆಗಳನ್ನು ಓದಿ. ಅಷ್ಟರಲ್ಲೇ ಇಡೀ ಕಥೆ ಗೊತ್ತಾದರೆ ನನಗೆ ಫೋನ್ ಮಾಡಿ. ನೀವು ಯಾವ ಕಡೆಯವರಾದರೂ ಸರಿ.